ಹಲ್ಲು ಆಳವಿದ್ದರೆ ಸಾಲದು

ಚಾರಣದ ಬೂಟು ಕೊಳ್ಳಲು ಹೋದವರು ಮೊದಲು ಅದನ್ನು ಮಗುಚಿ ಅಟ್ಟೆ ನೋಡುತ್ತಾರೆ. ಹಲ್ಲುಗಳು ಆಳವಾಗಿದ್ದು ಅಂಚುಗಳು ಚೂಪಾಗಿ ಕಂಡರೆ ಸಮಾಧಾನವಾಗುತ್ತದೆ. ಗ್ರಿಪ್ ಚೆನ್ನಾಗಿದೆ ಎಂದು ಕಣ್ಣೇ ತೀರ್ಪು ಕೊಟ್ಟುಬಿಡುತ್ತದೆ. ಕೆಸರಿನ ಮಟ್ಟಿಗೆ ಆ ತೀರ್ಪು ಬಹುಪಾಲು ಸರಿ. ಒದ್ದೆ ಬಂಡೆಯ ಮಟ್ಟಿಗೆ ಹೆಚ್ಚೂಕಡಿಮೆ ತಪ್ಪು. ಮಳೆಯಲ್ಲಿ ನಡೆಯುವವರನ್ನು ಕೆಡವುವುದು ಕೆಸರೊಂದೇ ಅಲ್ಲ. ನೋಡಲು ಗಟ್ಟಿಯಾಗಿರುವ, ಕಾಲಿಟ್ಟರೆ ಅಲುಗುವುದಿಲ್ಲ ಎಂಬ ನಂಬಿಕೆ ಹುಟ್ಟಿಸುವ ಕಲ್ಲು, ಮರದ ಬೇರು, ಹಲಗೆಯ ಕಾಲುಸಂಕಗಳೂ ಅಷ್ಟೇ ಮೋಸ ಮಾಡುತ್ತವೆ. ಕೆಸರಿನಲ್ಲಿ ಬಿದ್ದರೆ ಸಾಮಾನ್ಯವಾಗಿ ಬಟ್ಟೆ ಕೊಳೆಯಾಗುತ್ತದೆ. ಕಲ್ಲಿನ ಮೇಲೆ ಬಿದ್ದರೆ ಮಣಿಕಟ್ಟು ಮುರಿಯಬಹುದು. ಒದ್ದೆ ನೆಲದಲ್ಲಿ ಅಟ್ಟೆ ಹೇಗೆ ಹಿಡಿಯುತ್ತದೆ, ಯಾವಾಗ ಕೈಬಿಡುತ್ತದೆ ಎಂಬುದು ಕಾಲ್ನಡಿಗೆಯನ್ನು ಪ್ರೀತಿಸುವ ಎಲ್ಲರಿಗೂ ತಿಳಿದಿರಬೇಕು. ನಾನು ಈ ವಿಷಯದ ಹಿಂದೆ ಬಿದ್ದದ್ದು ಅದಕ್ಕಾಗಿಯೇ.

ಶಾಲೆಯಲ್ಲಿ ಕಲಿತ ಘರ್ಷಣೆಯ ನಿಯಮ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರುತ್ತದೆ. ಫ್ರಾನ್ಸಿನ ಅಮಾಂಟನ್ 1699ರಲ್ಲಿ ಮಂಡಿಸಿದ ಆ ನಿಯಮದ ಪ್ರಕಾರ ಘರ್ಷಣೆಯು ಭಾರಕ್ಕೆ ತಕ್ಕಂತೆ ಹೆಚ್ಚುತ್ತದೆ. ತಾಗಿರುವ ಜಾಗ ಎಷ್ಟು ಅಗಲ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಮರ, ಲೋಹಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ರಬ್ಬರ್ ಇದಕ್ಕೆ ಬಗ್ಗುವುದಿಲ್ಲ. ಅದು ಮೆತ್ತಗಿದ್ದು, ಕಲ್ಲಿನ ಮೇಲೆ ಒತ್ತಿದಾಗ ಅಲ್ಲಿನ ಉಬ್ಬುತಗ್ಗುಗಳ ಒಳಗೆ ತುಸು ಇಳಿಯುತ್ತದೆ. ಹಾಗೆ ಇಳಿದ ರಬ್ಬರ್ ಎರಡು ರೀತಿಯಲ್ಲಿ ಹಿಡಿಯುತ್ತದೆ.

ಮೊದಲನೆಯದು ಅಂಟು. ರಬ್ಬರಿನ ಅಣುಗಳು ಕಲ್ಲಿನ ಮೇಲ್ಮೈಗೆ ತೀರಾ ಹತ್ತಿರ ಬಂದಾಗ ಪರಸ್ಪರ ಸೆಳೆಯುತ್ತವೆ. ಒಣ ಬಂಡೆಯ ಮೇಲೆ ಹೊಸ ಬೂಟಿಟ್ಟಾಗ ಸಿಗುವ ಭದ್ರತೆಯಲ್ಲಿ ದೊಡ್ಡ ಪಾಲು ಇದರದು. ಎರಡನೆಯದು ರಬ್ಬರಿನ ಒಳಗೇ ನಡೆಯುವ ಶಕ್ತಿಯ ನಷ್ಟ. ಅಟ್ಟೆ ಜಾರಲು ಹೊರಟಾಗ ಕಲ್ಲಿನ ಪ್ರತಿಯೊಂದು ಉಬ್ಬನ್ನು ದಾಟುವಾಗಲೂ ರಬ್ಬರ್ ಕುಗ್ಗಬೇಕು, ದಾಟಿದ ಮೇಲೆ ಮತ್ತೆ ಹಿಗ್ಗಬೇಕು. ಕುಗ್ಗಲು ತಗುಲಿದ ಶಕ್ತಿಯೆಲ್ಲ ಹಿಗ್ಗುವಾಗ ಹಿಂದಿರುಗುವುದಿಲ್ಲ, ಒಂದಷ್ಟು ಶಾಖವಾಗಿ ಹೋಗುತ್ತದೆ. ಆ ನಷ್ಟವೇ ಜಾರುವಿಕೆಗೆ ತಡೆ. ರಬ್ಬರಿನ ಘರ್ಷಣೆ ವೇಗಕ್ಕೂ ಉಷ್ಣತೆಗೂ ತಕ್ಕಂತೆ ಬದಲಾಗುವುದು ಅದರ ಈ ಒಳಗುಣದಿಂದಲೇ ಎಂದು ಗ್ರೋಷ್ ಎಂಬ ವಿಜ್ಞಾನಿ 1963ರಲ್ಲಿ ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. ಟೈರ್ ತಯಾರಿಕೆಯಲ್ಲಿ ಆ ತಿಳಿವು ಬಹಳ ಬಳಕೆಯಾಯಿತು. ಬೂಟಿನ ರಬ್ಬರೂ ಅದೇ ಕುಲದ್ದು.

ನೀರು ಬಂದಾಗ ಮೊದಲು ಹೋಗುವುದು ಅಂಟು. ಅಣುಗಳು ಸೆಳೆಯುವ ದೂರ ಅತ್ಯಲ್ಪವಾದದ್ದು. ನಡುವೆ ತೆಳುವಾದೊಂದು ನೀರಿನ ಪದರ ನಿಂತರೂ ಆ ಸೆಳೆತ ಮುಗಿಯಿತು. ಉಳಿಯುವುದು ಎರಡನೆಯ ಹಿಡಿತ ಮಾತ್ರ. ಅದು ಉಳಿಯಬೇಕಾದರೂ ಕಲ್ಲು ಒರಟಾಗಿರಬೇಕು, ಅದರ ಉಬ್ಬುಗಳ ತುದಿ ನೀರಿನ ಪದರವನ್ನು ತೂರಿ ರಬ್ಬರನ್ನು ಮುಟ್ಟಬೇಕು. ಒರಟು ಗ್ರಾನೈಟ್ ಅಥವಾ ಮರಳುಗಲ್ಲು ಶುದ್ಧ ಮಳೆನೀರಿನಲ್ಲಿ ನೆನೆದಿದ್ದರೂ ನಂಬಿಕೆ ಉಳಿಸಿಕೊಳ್ಳುವುದು ಇದರಿಂದಲೇ. ಜನರ ಓಡಾಟದಿಂದ ನುಣುಪಾದ ಸುಣ್ಣದಕಲ್ಲಿಗೆ, ಪದರು ಪದರಾದ ಸ್ಲೇಟಿಗೆ ಆ ಗುಣವಿಲ್ಲ. ಎರಡೂ ಕಲ್ಲೇ, ಎರಡೂ ಒದ್ದೆಯೇ, ಬೂಟು ಕೂಡ ಒಂದೇ. ಆದರೂ ಒಂದರ ಮೇಲೆ ಧೈರ್ಯವಾಗಿ ನಡೆಯುತ್ತೇವೆ, ಇನ್ನೊಂದರ ಮೇಲೆ ಕೈಚಾಚಿ ಆಸರೆ ಹುಡುಕುತ್ತೇವೆ.

ಈ ಒರಟುತನ ಎಷ್ಟಿರಬೇಕು ಎನ್ನುವುದಕ್ಕೆ ಕಟ್ಟಡಗಳ ನೆಲದ ವಿಷಯದಲ್ಲಿ ಒಂದು ಅಂದಾಜಿದೆ. ಕೆಲಸದ ಸ್ಥಳಗಳ ಸುರಕ್ಷತೆ ನೋಡಿಕೊಳ್ಳುವ ಬ್ರಿಟನ್ನಿನ ಸರ್ಕಾರಿ ಸಂಸ್ಥೆಯ ಮಾರ್ಗದರ್ಶಿಯ ಪ್ರಕಾರ, ಶುದ್ಧ ನೀರಿನಿಂದ ಒದ್ದೆಯಾದ ನೆಲದ ಉಬ್ಬುತಗ್ಗು ಸುಮಾರು 20 ಮೈಕ್ರೋಮೀಟರಿಗಿಂತ ಹೆಚ್ಚಿದ್ದರೆ ಜಾರುವ ಸಂಭವ ಕಡಿಮೆ, 10ಕ್ಕಿಂತ ಕೆಳಗಿದ್ದರೆ ಹೆಚ್ಚು. ಇಪ್ಪತ್ತು ಮೈಕ್ರೋಮೀಟರ್ ಎಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ಕಣ್ಣು ಅಳೆಯಲಾರದ ಅಂತರ ಇದು. ಬೆರಳಿನಿಂದ ಸವರಿದರೆ ತಿಳಿದೀತು. ಬೂಟಿನ ಹಲ್ಲಿನ ಆಳ ನಾಲ್ಕೈದು ಮಿಲಿಮೀಟರ್ ಇರುತ್ತದೆ. ಒದ್ದೆ ಬಂಡೆಯ ಮೇಲಿನ ಹಿಡಿತ ತೀರ್ಮಾನವಾಗುವುದು ಅದರ ನೂರರಲ್ಲೊಂದು ಪಾಲಿಗಿಂತ ಸಣ್ಣ ಅಳತೆಯಲ್ಲಿ. ಅಂಗಡಿಯಲ್ಲಿ ಕಣ್ಣು ಕೊಡುವ ತೀರ್ಪಿನ ಬಗ್ಗೆ ನನಗೆ ತಕರಾರಿರುವುದು ಇಲ್ಲೇ.

ನೀರಿನ ಪದರವನ್ನು ಹೊರಗೆ ಹಿಂಡುವುದಕ್ಕೂ ಸಮಯ ಬೇಕು. ಒಂದರ ಮೇಲೊಂದಿಟ್ಟ ಎರಡು ಒದ್ದೆ ಗಾಜಿನ ಹಾಳೆಗಳನ್ನು ಒತ್ತಿ ನೋಡಿದವರಿಗೆ ಇದು ಗೊತ್ತು: ಮೊದಲು ನೀರು ಸರಸರನೆ ಹೊರಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ತೆಳುವಾದೊಂದು ಪದರ ಉಳಿದೇ ಇರುತ್ತದೆ. ಪದರ ತೆಳುವಾದಷ್ಟೂ ನೀರು ಹೊರಹರಿಯುವುದು ಕಷ್ಟ. ಅದು ಅರ್ಧಕ್ಕಿಳಿಯಬೇಕಾದರೆ ಸಮಯ ಸುಮಾರು ನಾಲ್ಕು ಪಟ್ಟು ಬೇಕು. ಒತ್ತುವ ಮೇಲ್ಮೈ ಅಗಲವಾದಷ್ಟೂ ನೀರಿನ ಹಾದಿ ಉದ್ದವಾಗುತ್ತದೆ, ಸಮಯ ಇನ್ನೂ ಬೆಳೆಯುತ್ತದೆ. ದ್ರವ ದಪ್ಪವಾಗಿದ್ದರಂತೂ ಕೇಳುವುದೇ ಬೇಡ. ನಡೆಯುವಾಗ ಹಿಮ್ಮಡಿ ನೆಲ ಮುಟ್ಟಿ ದೇಹದ ಭಾರ ಅದರ ಮೇಲೆ ಬರುವ ನಡುವೆ ಒಂದು ಕ್ಷಣದ ಸಣ್ಣದೊಂದು ಪಾಲು ಮಾತ್ರ ಇರುತ್ತದೆ. ಅಷ್ಟರೊಳಗೆ ನೀರು ಜಾಗ ಬಿಡದಿದ್ದರೆ ಕಾಲು ನೀರಿನ ಮೇಲೆಯೇ ನಿಂತಂತೆ.

ಇದಕ್ಕೆ ಉಪಾಯ ಕಂಡುಕೊಂಡವರ ಕಥೆಗಳು ನನಗೆ ತುಂಬಾ ಇಷ್ಟ. ಅಮೆರಿಕದ ಕಸಾಯಿಖಾನೆಯೊಂದರಲ್ಲಿ ದುಡಿಯುತ್ತಿದ್ದ ಜಾನ್ ಸೈಪ್, ಒದ್ದೆ ನೆಲದಲ್ಲಿ ಕಾಲು ಜಾರದಿರಲಿ ಎಂದು ತನ್ನ ರಬ್ಬರ್ ಅಟ್ಟೆಗೆ ಸಣ್ಣ ಸಣ್ಣ ಸೀಳು ಹಾಕಿಕೊಂಡ ಎಂದು ಹೇಳುತ್ತಾರೆ. 1920ರ ದಶಕದಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಟೈರುಗಳ ಮೇಲಿನ ಕೂದಲೆಳೆಯಂಥ ಸೀಳುಗಳಿಗೆ ಇಂದಿಗೂ ಆತನದೇ ಹೆಸರಿದೆ. ಪಾಲ್ ಸ್ಪೆರಿ 1935ರಲ್ಲಿ ದೋಣಿಯ ಒದ್ದೆ ಅಟ್ಟದ ಮೇಲೆ ಜಾರದ ಪಾದರಕ್ಷೆ ಮಾಡಿದ್ದು, ತನ್ನ ನಾಯಿ ಮಂಜಿನ ಮೇಲೆ ಸರಾಗವಾಗಿ ಓಡುವುದನ್ನು ನೋಡಿ, ಅದರ ಪಾದದ ಗೆರೆಗಳ ಮಾದರಿಯಲ್ಲಿ ಅಟ್ಟೆಯನ್ನು ಗೀರಿ. ಇಬ್ಬರೂ ಮಾಡಿದ್ದು ಒಂದೇ: ಅಗಲವಾದ ರಬ್ಬರನ್ನು ಚಿಕ್ಕ ಚಿಕ್ಕ ತುಂಡುಗಳಾಗಿಸಿ ನೀರಿನ ಹಾದಿಯನ್ನು ಗಿಡ್ಡ ಮಾಡಿದರು. ಮರಗಪ್ಪೆಗಳು ಇದನ್ನು ಮನುಷ್ಯನಿಗಿಂತ ಬಹಳ ಹಿಂದೆಯೇ ಸಾಧಿಸಿವೆ. ಅವುಗಳ ಬೆರಳ ತುದಿಯ ಮೆತ್ತೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆರು ಮೂಲೆಯ ಕೋಶಗಳು ಒತ್ತಾಗಿ ಕೂತಿರುತ್ತವೆ, ನಡುನಡುವೆ ಕಾಲುವೆಗಳಿರುತ್ತವೆ. ಒದ್ದೆ ಎಲೆಯ ಮೇಲೆ ಕುಳಿತಾಗ ಹೆಚ್ಚಿನ ದ್ರವ ಆ ಕಾಲುವೆಗಳಲ್ಲಿ ಹರಿದುಹೋಗುತ್ತದೆ.

ನುಣುಪು ನೆಲಕ್ಕೆ ಬೇಕಾದದ್ದು ಈ ಸಣ್ಣ ಸೀಳುಗಳು. ಚಾರಣದ ಬೂಟಿನ ದಪ್ಪ ಹಲ್ಲು ಅವುಗಳ ಕೆಲಸ ಮಾಡಲಾರದು. ಆ ಹಲ್ಲು ಹುಟ್ಟಿದ್ದೇ ಬೇರೆ ಕಾರಣಕ್ಕೆ.

ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಪರ್ವತಾರೋಹಿಗಳ ಬೂಟು ಎಂದರೆ ಚರ್ಮದ ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆದದ್ದು. ಭಾರ, ಸದ್ದು, ಮೇಲಾಗಿ ಮೊಳೆಗಳ ಮೂಲಕ ಪಾದದ ಶಾಖವೆಲ್ಲ ನೆಲಕ್ಕೆ ಹೋಗುತ್ತಿತ್ತು. ಕಡಿದಾದ ಬಂಡೆ ಹತ್ತಲು ಅದನ್ನು ಕಳಚಿಟ್ಟು ತೆಳು ಅಟ್ಟೆಯ ಪಾದರಕ್ಷೆ ಹಾಕಿಕೊಳ್ಳುವ ರೂಢಿಯಿತ್ತು. 1935ರಲ್ಲಿ ಇಟಲಿಯ ಆಲ್ಪ್ಸ್‌ನ ಪುಂಟಾ ರಸಿಕಾ ಎಂಬ ಶಿಖರದಲ್ಲಿ ಹವಾಮಾನ ಕೆಟ್ಟು ಆರು ಮಂದಿ ಆರೋಹಿಗಳು ಸತ್ತರು. ಆ ಹವೆಗೆ ತಕ್ಕ ಪಾದರಕ್ಷೆ ಇರಲಿಲ್ಲವೆಂಬುದೂ ಸಾವಿಗೆ ಕಾರಣವೆಂದು ಅವರ ಸಂಗಡಿಗ ವಿಟಾಲೆ ಬ್ರಮಾನಿಗೆ ಅನ್ನಿಸಿತು. ಬಂಡೆಗೂ ಹಿಮಕ್ಕೂ ಒಂದೇ ಅಟ್ಟೆ ಸಾಲುವಂತೆ ಮಾಡಬೇಕೆಂದು ಹೊರಟು, ಪಿರೆಲ್ಲಿ ಟೈರ್ ಕಂಪನಿಯ ನೆರವಿನಿಂದ 1937ರಲ್ಲಿ ದಪ್ಪ ಹಲ್ಲಿನ ರಬ್ಬರ್ ಅಟ್ಟೆಯನ್ನು ಹೊರತಂದರು. ಅದರ ವಿನ್ಯಾಸಕ್ಕೆ ಇಟ್ಟ ಹೆಸರು ‘ಕರ್ರಾರ್ಮಾಟೊ’, ಅಂದರೆ ಯುದ್ಧದ ಟ್ಯಾಂಕು. ಬ್ರಮಾನಿಯ ಹೆಸರಿನ ಅಕ್ಷರಗಳನ್ನೇ ಕೂಡಿಸಿ ಮಾಡಿದ ವಿಬ್ರಮ್ ಎಂಬ ಹೆಸರು ಇಂದು ಅಸಂಖ್ಯ ಬೂಟುಗಳ ತಳದಲ್ಲಿದೆ. 1954ರಲ್ಲಿ ಕೆ2 ಶಿಖರವನ್ನು ಮೊದಲ ಬಾರಿಗೆ ಏರಿದ ಇಟಲಿಯ ತಂಡ ಹಾಕಿದ್ದು ಇದೇ ಅಟ್ಟೆ.

ಈ ಚರಿತ್ರೆಯನ್ನು ಎಲ್ಲರೂ ಗೆಲುವಿನ ಕಥೆಯಾಗಿ ಹೇಳುತ್ತಾರೆ. ಗೆಲುವು ನಿಜವೇ. ಆದರೆ ಆ ಬದಲಾವಣೆಯಲ್ಲಿ ಕಳೆದುಹೋದದ್ದೂ ಒಂದಿದೆ: ಲೋಳೆ ಕಟ್ಟಿದ ಬಂಡೆಯ ಮೇಲಿನ ಹಿಡಿತ. ಮೊಳೆಯ ತುದಿ ಚಿಕ್ಕದು. ದೇಹದ ಭಾರವೆಲ್ಲ ಅಷ್ಟು ಸಣ್ಣ ಜಾಗದ ಮೇಲೆ ಬಿದ್ದಾಗ ಅದು ಪಾಚಿಯನ್ನು, ಕಲ್ಲುಹೂವನ್ನು, ಕೆಸರಿನ ಲೇಪವನ್ನು ಸೀಳಿಕೊಂಡು ಕಲ್ಲನ್ನೇ ಮುಟ್ಟುತ್ತದೆ. ರಬ್ಬರ್ ಆ ಲೋಳೆಯ ಮೇಲೆ ಕೂರುತ್ತದೆ. ಪಾಚಿ, ಹಾವಸೆಗಳು ತಮ್ಮ ಸುತ್ತ ಅಂಟಂಟಾದ ಸಕ್ಕರೆಜಾತಿಯ ಲೋಳೆಯೊಂದನ್ನು ಸ್ರವಿಸಿಕೊಂಡಿರುತ್ತವೆ. ಒಣಗಿದಾಗ ಅದು ಕಲ್ಲಿಗೆ ಅಂಟಿದ ಕಪ್ಪು ಕಲೆಯಷ್ಟೇ. ನೀರು ಬಿದ್ದರೆ ಹೀರಿಕೊಂಡು ಉಬ್ಬಿ, ಕಲ್ಲಿನ ಒರಟುತನವನ್ನೆಲ್ಲ ಮುಚ್ಚಿ, ನೀರಿಗಿಂತ ಎಷ್ಟೋ ದಪ್ಪವಾದ ಪದರವಾಗುತ್ತದೆ. ಅಂದರೆ ರಬ್ಬರಿಗೆ ಬೇಕಾದ ಎರಡನ್ನೂ, ಉಬ್ಬುತಗ್ಗನ್ನೂ ನೀರು ಹೊರಹೋಗುವ ಹಾದಿಯನ್ನೂ, ಒಟ್ಟಿಗೆ ಕಿತ್ತುಕೊಳ್ಳುತ್ತದೆ. ಒದ್ದೆಯಾಗಿ ಕಪ್ಪಗೆ ಹೊಳೆಯುವ ಬಂಡೆಯ ಮೇಲೆ ಯಾವ ಕಂಪನಿಯ ಯಾವ ರಬ್ಬರನ್ನೂ ನಾನು ನಂಬುವುದಿಲ್ಲ.

ಹೊಳೆಯಲ್ಲಿ ನಿಂತು ಮೀನು ಹಿಡಿಯುವವರು ಇದಕ್ಕೆ ಬೇರೆಯೇ ದಾರಿ ಹುಡುಕಿಕೊಂಡಿದ್ದರು. ಅವರ ಬೂಟಿನ ತಳಕ್ಕೆ ಫೆಲ್ಟ್ ಎಂಬ ಒತ್ತಿದ ನಾರಿನ ದಪ್ಪ ಬಟ್ಟೆ. ಅದರ ನಾರುಗಳು ಲೋಳೆಯ ನಡುವೆ ತೂರಿ ಕಲ್ಲನ್ನು ತಲುಪುತ್ತವೆ, ನೀರನ್ನು ತಮ್ಮೊಳಗೆ ಎಳೆದುಕೊಳ್ಳುತ್ತವೆ. ಹಾವಸೆ ಹಿಡಿದ ನದಿಗಲ್ಲಿನ ಮೇಲೆ ರಬ್ಬರಿಗಿಂತ ಅದು ಎಷ್ಟೋ ಮೇಲು. ಆದರೆ ಆ ಒದ್ದೆ ನಾರಿನೊಳಗೆ ಸೂಕ್ಷ್ಮ ಜೀವಿಗಳು ಬದುಕುಳಿದು ಒಂದು ನದಿಯಿಂದ ಇನ್ನೊಂದಕ್ಕೆ ಪ್ರಯಾಣ ಮಾಡುತ್ತವೆ. ಡಿಡಿಮೊ ಎಂಬ ಪಾಚಿ ಹೀಗೆ ಹರಡುತ್ತದೆಂಬ ಭಯದಿಂದ ನ್ಯೂಜಿಲೆಂಡ್ 2008ರಲ್ಲಿ ಮೀನು ಹಿಡಿಯುವವರ ಫೆಲ್ಟ್ ಅಟ್ಟೆಗಳನ್ನು ನಿಷೇಧಿಸಿತು. ಅದು ಸರಿಯಾದ ನಿರ್ಧಾರ. ಒಬ್ಬರ ಕಾಲಿನ ಭದ್ರತೆಗಾಗಿ ನದಿಯನ್ನೇ ಬಲಿಕೊಡಲಾಗದು.

ಕೆಸರಿನ ಮಾತೇ ಬೇರೆ. ಅಲ್ಲಿ ರಬ್ಬರಿನ ಗುಣಕ್ಕೆ ಹೆಚ್ಚು ಬೆಲೆಯಿಲ್ಲ, ಹಲ್ಲಿಗೇ ಬೆಲೆ. ಹಲ್ಲು ಮೇಲಿನ ಸಡಿಲ ಪದರವನ್ನು ದಾಟಿ ಕೆಳಗಿನ ಗಟ್ಟಿ ಮಣ್ಣಿನೊಳಗೆ ಇಳಿಯಬೇಕು. ಆಮೇಲೆ ಬೂಟು ಜಾರಬೇಕಾದರೆ ಹಲ್ಲುಗಳ ನಡುವೆ ಸಿಕ್ಕಿಕೊಂಡ ಮಣ್ಣು ತುಂಡಾಗಬೇಕು. ಹಿಡಿತದ ಮಿತಿ ಇಲ್ಲಿ ಮಣ್ಣಿನ ಬಲದಲ್ಲಿದೆ. ಜೇಡಿಮಣ್ಣಿನ ಕಣಗಳು ಸೂಕ್ಷ್ಮವಾದ ಚಪ್ಪಟೆ ಬಿಲ್ಲೆಗಳು. ನಡುವೆ ನೀರು ಸೇರಿದಾಗ ಒಂದರ ಮೇಲೊಂದು ಸುಲಭವಾಗಿ ಸರಿಯುತ್ತವೆ. ಜೊತೆಗೆ ಅದು ರಬ್ಬರಿಗೆ ಅಂಟುತ್ತದೆ. ಹಲ್ಲುಗಳು ಹತ್ತಿರ ಹತ್ತಿರವಿದ್ದರೆ ನಡುವಿನ ಸಂದುಗಳೆಲ್ಲ ಜೇಡಿಯಿಂದ ತುಂಬಿ, ಸ್ವಲ್ಪ ದೂರ ನಡೆಯುವಷ್ಟರಲ್ಲಿ ಕಾಲಡಿ ಇರುವುದು ಜೇಡಿಯ ನುಣುಪು ಹಲಗೆ. ಆದ್ದರಿಂದ ಕೆಸರಿಗೆ ಬೇಕಾದದ್ದು ಆಳವಾದ, ವಿರಳವಾದ, ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಕಿರಿದಾದ ಹಲ್ಲುಗಳು. ಹೆಜ್ಜೆ ಎತ್ತಿದಾಗ ಅಟ್ಟೆ ಬಾಗಿ ಮಣ್ಣು ತಾನಾಗಿ ಉದುರುವಂತಿರಬೇಕು.

ಈಗ ಅದೇ ಅಟ್ಟೆಯನ್ನು ಒದ್ದೆ ಬಂಡೆಯ ಮೇಲಿಡಿ. ವಿರಳ ಹಲ್ಲು ಎಂದರೆ ಕಲ್ಲಿಗೆ ತಾಗುವ ರಬ್ಬರ್ ಕಡಿಮೆ. ಎತ್ತರದ ಹಲ್ಲು ಎಂದರೆ ಭಾರ ಬಿದ್ದಾಗ ಅದು ಪಕ್ಕಕ್ಕೆ ವಾಲುತ್ತದೆ. ವಾಲಿದ ಹಲ್ಲು ತನ್ನ ಇಡೀ ಮುಖವನ್ನು ಕಲ್ಲಿಗೆ ಕೊಡದೆ ಬರೀ ಅಂಚನ್ನು ಕೊಡುತ್ತದೆ. ಬಂಡೆಗೆ ಬೇಕಾದದ್ದು ಚಪ್ಪಟೆ ತಲೆಯ, ಗಿಡ್ಡನೆಯ, ಮೆತ್ತಗಿನ ರಬ್ಬರ್. ಕೆಸರಿಗೂ ಬಂಡೆಗೂ ಬೇಕಾದ ಅಟ್ಟೆಗಳು ಹೀಗೆ ಒಂದಕ್ಕೊಂದು ವಿರುದ್ಧ. ಎಲ್ಲ ನೆಲಕ್ಕೂ ಹೊಂದುವ ಬೂಟು ಎಂದು ಬರೆದಿದ್ದರೆ ಅದರ ಅರ್ಥ, ಯಾರೋ ಒಬ್ಬ ವಿನ್ಯಾಸಕಾರ ಎರಡರ ನಡುವೆ ಎಲ್ಲೋ ಒಂದು ಕಡೆ ಗೆರೆ ಎಳೆದಿದ್ದಾನೆ ಎಂದಷ್ಟೇ. ಗೆರೆ ಎಲ್ಲಿದೆ ಎಂದು ತಿಳಿಯುವ ಹಕ್ಕು ನಮಗಿದೆ.

ಮರವನ್ನು ಮರೆಯುವಂತಿಲ್ಲ. ತೊಗಟೆ ಕಳಚಿದ ಬೇರು, ಕಾಲುಸಂಕದ ಹಲಗೆ, ಬಿದ್ದ ಮರದ ಕಾಂಡ ಇವು ಮಳೆಗಾಲದ ದಾರಿಯಲ್ಲಿ ನನಗೆ ಕಂಡ ಅತ್ಯಂತ ಅಪಾಯದ ಮೇಲ್ಮೈಗಳು. ನಾರಿನ ದಿಕ್ಕಿನಲ್ಲಿ ಮರ ನುಣುಪು. ಸದಾ ತೇವ ಹಿಡಿದಿಟ್ಟುಕೊಳ್ಳುವುದರಿಂದ ಪಾಚಿಗೆ ಹಬ್ಬ. ಬೇರು ದುಂಡಗಿರುವುದರಿಂದ ಅಟ್ಟೆ ತಾಗುವುದು ಒಂದು ಗೆರೆಯಷ್ಟು ಜಾಗದಲ್ಲಿ. ಸಾಲದ್ದಕ್ಕೆ ಅದು ಬಹುಸಲ ದಾರಿಗೆ ಓರೆಯಾಗಿ ಇಳಿಜಾರಿನ ಕಡೆಗೆ ಚಾಚಿಕೊಂಡಿರುತ್ತದೆ. ಇಲ್ಲಿ ಅಟ್ಟೆಯ ಪರೀಕ್ಷೆ ಮಾಡಬಾರದು, ದಾಟಿ ಆಚೆ ಕಾಲಿಡಬೇಕು. ಒದ್ದೆ ತರಗೆಲೆಗಳ ವಿಷಯವೂ ಹೀಗೆಯೇ: ಅಟ್ಟೆ ಮೇಲಿನ ಎಲೆಯನ್ನು ಚೆನ್ನಾಗಿಯೇ ಹಿಡಿದಿರುತ್ತದೆ, ಆ ಎಲೆ ತನ್ನ ಕೆಳಗಿನ ಎಲೆಯ ಮೇಲೆ ಜಾರುತ್ತದೆ.

ಮಳೆಯ ಯಾವ ಹೊತ್ತು ಹೆಚ್ಚು ಅಪಾಯ ಎಂದು ಕೇಳಿದರೆ, ಶುರುವಿನ ಹೊತ್ತು ಎನ್ನುತ್ತೇನೆ. ಬಂಡೆಯ ಮೇಲೆ ದಿನಗಟ್ಟಲೆ ಕೂತ ಧೂಳಿಗೆ ಹನಿ ಬಿದ್ದಾಗ ಅದು ಸರಿಯಾಗಿ ತೊಳೆದೂ ಹೋಗದೆ, ಒಣಗಿಯೂ ಇರದೆ ನುಣ್ಣನೆಯ ಲೇಪವಾಗುತ್ತದೆ. ಜೋರು ಮಳೆ ಸ್ವಲ್ಪ ಹೊತ್ತು ಸುರಿದ ಮೇಲೆ ಅದೇ ಕಲ್ಲು ತೊಳೆದು ಶುದ್ಧವಾಗಿ, ಒರಟಾಗಿದ್ದರೆ, ಪರವಾಗಿಲ್ಲ ಅನ್ನಿಸುವಷ್ಟು ಹಿಡಿಯುತ್ತದೆ. ಆಕಾಶ ನೋಡಿ ಹೆದರುವವರು ಮೊದಲ ಹನಿಗಳಿಗೇ ಹೆಚ್ಚು ಹೆದರಬೇಕು. ಕೆಸರಿನ ದಾರಿಯಿಂದ ನೇರ ಬಂಡೆಗೆ ಕಾಲಿಡುವಾಗಲೂ ಇದೇ ಅಪಾಯ, ಏಕೆಂದರೆ ಲೇಪವನ್ನು ಅಟ್ಟೆಯೇ ಹೊತ್ತು ತಂದಿರುತ್ತದೆ. ಬಂಡೆಯ ಅಂಚಿಗೆ ಹಲ್ಲುಗಳನ್ನು ಒಮ್ಮೆ ಗಟ್ಟಿಯಾಗಿ ಉಜ್ಜಿ ಮುಂದೆ ಹೋಗುವುದು ಒಳ್ಳೆಯ ಅಭ್ಯಾಸ.

ರಬ್ಬರಿಗೆ ಮರಳಿ ಬರುತ್ತೇನೆ, ಏಕೆಂದರೆ ಬಂಡೆಯ ಮೇಲಿನ ವ್ಯತ್ಯಾಸವೆಲ್ಲ ಅಲ್ಲಿದೆ. ಅಟ್ಟೆಯ ರಬ್ಬರ್ ಎಂದರೆ ಒಂದೇ ವಸ್ತುವಲ್ಲ. ಹಲವು ಬಗೆಯ ರಬ್ಬರ್, ಎಣ್ಣೆ, ಗಂಧಕ, ಕಾರ್ಬನ್ ಕಪ್ಪು ಎಂಬ ಮಸಿಯಂಥ ಪುಡಿ ಅಥವಾ ಸಿಲಿಕಾ ಎಂಬ ಮರಳಿನ ಜಾತಿಯ ಪುಡಿ ಸೇರಿದ ಮಿಶ್ರಣ. ಮೆತ್ತಗೆ ಮಾಡಿದರೆ ಕಲ್ಲಿನ ಉಬ್ಬುತಗ್ಗುಗಳೊಳಗೆ ಚೆನ್ನಾಗಿ ಇಳಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ, ಆದರೆ ಕಲ್ಲಿನ ಮೇಲೆ ಮರದ ತುಂಡಿನಂತೆ ಕೂರುತ್ತದೆ. ಕುಗ್ಗಿದ ರಬ್ಬರ್ ತಟ್ಟನೆ ಪುಟಿದೇಳುವಂತಿದ್ದರೆ ಒದ್ದೆಯಲ್ಲಿ ಹಿಡಿತ ಕಡಿಮೆ. ನಿಧಾನವಾಗಿ ಸೋಮಾರಿಯಂತೆ ಏಳುವ ರಬ್ಬರಿನಲ್ಲಿ ಶಕ್ತಿಯ ನಷ್ಟ ಹೆಚ್ಚು, ಹಿಡಿತವೂ ಹೆಚ್ಚು. 1990ರ ದಶಕದಲ್ಲಿ ಟೈರುಗಳಲ್ಲಿ ಕಾರ್ಬನ್ ಕಪ್ಪಿನ ಬದಲು ಸಿಲಿಕಾ ಬಳಸಿದಾಗ ಒದ್ದೆ ರಸ್ತೆಯ ಹಿಡಿತ ಕಡಿಮೆಯಾಗದೆಯೇ ಇಂಧನದ ಖರ್ಚು ಇಳಿಯಿತು. ಮಿಶ್ರಣ ಬದಲಾದರೆ ಎಷ್ಟು ಬದಲಾಗುತ್ತದೆ ಎನ್ನುವುದಕ್ಕೆ ಇದೇ ಸಾಕ್ಷಿ. ಚಳಿ ಹೆಚ್ಚಾದಂತೆ ಯಾವ ರಬ್ಬರೂ ಬಿರುಸಾಗುತ್ತದೆ. ಬೇಸಿಗೆಯ ಒದ್ದೆ ಬಂಡೆಯಲ್ಲಿ ಚೆನ್ನಾಗಿ ನಿಂತ ಬೂಟು, ಮಂಜು ಕವಿದ ಮುಂಜಾನೆ ಅದೇ ಬಂಡೆಯಲ್ಲಿ ಸಡಿಲವೆನ್ನಿಸಿದರೆ ಅದು ಮನಸ್ಸಿನ ಭ್ರಮೆಯಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಬೂಟಿನ ಡಬ್ಬಿಯ ಮೇಲೆ ಈ ಬಗ್ಗೆ ಒಂದಕ್ಷರವಿರುವುದಿಲ್ಲ. ನನ್ನ ನಿಜವಾದ ಅಸಮಾಧಾನ ಇದು. ಯುರೋಪಿನಲ್ಲಿ ಮಾರುವ ಕಾರಿನ ಟೈರಿಗೆ 2012ರ ನವೆಂಬರಿನಿಂದ ಒದ್ದೆ ರಸ್ತೆಯ ಹಿಡಿತ ಎಷ್ಟೆಂದು ಅಕ್ಷರದ ದರ್ಜೆಯಲ್ಲಿ ತಿಳಿಸುವ ಚೀಟಿ ಕಡ್ಡಾಯ. ಕಾರ್ಖಾನೆಯ ಕೆಲಸಗಾರರ ಬೂಟಿಗೂ ಪರೀಕ್ಷೆಯಿದೆ: ಸಾಬೂನಿನಂಥ ದ್ರಾವಣ ಹಚ್ಚಿದ ಸೆರಾಮಿಕ್ ಹಾಸಿನ ಮೇಲೆ, ಗ್ಲಿಸರಾಲ್ ಹಚ್ಚಿದ ನೆಲದ ಮೇಲೆ ಯಂತ್ರವೊಂದು ಬೂಟನ್ನು ಒತ್ತಿ ಎಳೆದು ಘರ್ಷಣೆಯ ಅಂಕ, ಅಂದರೆ ಎಳೆಯಲು ಬೇಕಾದ ಬಲ ಒತ್ತುವ ಭಾರದ ಎಷ್ಟು ಪಾಲು ಎಂಬುದನ್ನು, ಅಳೆಯುತ್ತದೆ. ನೆಲವನ್ನೇ ಅಳೆಯಲು ಲೋಲಕದ ಉಪಕರಣವಿದೆ. ಅದರ ತುದಿಯ ರಬ್ಬರ್ ತುಂಡು ಒದ್ದೆ ನೆಲವನ್ನು ಸವರಿಕೊಂಡು ಹೋಗುತ್ತದೆ, ಅದರದೇ ಅಳತೆಪಟ್ಟಿಯಲ್ಲಿ ಅಂಕ 36 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಜಾರುವ ಸಂಭವ ಕಡಿಮೆ ಎನ್ನುತ್ತಾರೆ. ಬ್ರಿಟನ್ನಿನ ಇನ್ನೊಂದು ಪದ್ಧತಿಯಲ್ಲಿ ಸುರಕ್ಷತಾ ಪಟ್ಟಿ ಕಟ್ಟಿಕೊಂಡ ಮನುಷ್ಯರೇ ಒದ್ದೆ ಇಳಿಜಾರಿನ ಮೇಲೆ ನಡೆಯುತ್ತಾರೆ. ಇಳಿಜಾರಿನ ಕೋನ ಹೆಚ್ಚಿಸುತ್ತ ಹೋಗಿ, ಅವರು ಎಲ್ಲಿ ಜಾರುತ್ತಾರೆ ಎಂಬುದರ ಮೇಲೆ ಬೂಟಿಗೆ ನಕ್ಷತ್ರಗಳ ದರ್ಜೆ ಕೊಡುತ್ತಾರೆ. ಕೆನಡಾದ ಟೊರಾಂಟೊದಲ್ಲಿ ಸಂಶೋಧಕರು ಇದನ್ನೇ ಮಂಜುಗಡ್ಡೆಯ ನೆಲದ ಮೇಲೆ ಮಾಡಿ ಚಳಿಗಾಲದ ಬೂಟುಗಳ ಫಲಿತಾಂಶವನ್ನು ಜನರಿಗೆ ಪ್ರಕಟಿಸುತ್ತಾರೆ.

ಹಾಗಾದರೆ ಅಳೆಯುವ ವಿದ್ಯೆಗೆ ಕೊರತೆಯಿಲ್ಲ. ಚಾರಣದ ಬೂಟಿನ ಜಾಹೀರಾತು ಒಳಗೆ ನೀರು ಬರುವುದಿಲ್ಲವೆಂದು ಉದ್ದಕ್ಕೆ ವಿವರಿಸುತ್ತದೆ, ತೂಕವನ್ನು ಗ್ರಾಂ ಲೆಕ್ಕದಲ್ಲಿ ಕೊಡುತ್ತದೆ. ಕಾಲು ಒದ್ದೆಯಾದರೆ ಒಣಗಿಸಿಕೊಳ್ಳಬಹುದು. ಇಳಿಜಾರಿನ ಬಂಡೆಯಲ್ಲಿ ಅಟ್ಟೆ ಕೈಬಿಟ್ಟರೆ ಏನಾಗುತ್ತದೆ ಎಂಬ ಮಾತಿಗೆ ಮಾತ್ರ ‘ಅತ್ಯುತ್ತಮ ಹಿಡಿತ’ ಎಂಬ ಎರಡು ಪದಗಳ ಉತ್ತರ. ಪ್ರಯೋಗಾಲಯದ ಹಾಸಿನ ಮೇಲಿನ ಅಂಕ ಪಾಚಿ ಹಿಡಿದ ಬಂಡೆಯ ಬಗ್ಗೆ ಏನು ಹೇಳೀತು ಎಂದು ತಯಾರಕರು ಕೇಳಬಹುದು. ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಒಂದೇ ಅಂಕ ಬೇಕೆಂದು ಯಾರೂ ಕೇಳುತ್ತಿಲ್ಲ. ಒದ್ದೆ ಒರಟು ಕಲ್ಲು, ಒದ್ದೆ ನುಣುಪು ಕಲ್ಲು, ಒದ್ದೆ ಮರ, ಈ ಮೂರರ ಮೇಲೆ ಅಳೆದು ಮೂರು ಅಂಕ ಕೊಡಲಿ. ಅಂಕಗಳು ಪರಿಪೂರ್ಣವಾಗಿರಬೇಕಿಲ್ಲ, ಎರಡು ಬೂಟುಗಳನ್ನು ಪಕ್ಕಪಕ್ಕ ಇಟ್ಟು ಆರಿಸಲು ನೆರವಾದರೆ ಸಾಕು. ಟೈರಿನ ಚೀಟಿಯೂ ಎಲ್ಲ ರಸ್ತೆಗಳ ಬಗ್ಗೆ ಹೇಳುವುದಿಲ್ಲ, ಆದರೂ ಅದು ಕೊಳ್ಳುವವರ ಕೈಗೆ ಒಂದು ಆಧಾರ ಕೊಟ್ಟಿದೆ.

ಅಂಥ ಚೀಟಿ ಬರುವವರೆಗೆ ನಮ್ಮ ಕೈಯಲ್ಲಿರುವ ಪರೀಕ್ಷೆಗಳು ಸರಳ. ಹಲ್ಲಿನ ಮುಖಕ್ಕೆ ಹೆಬ್ಬೆರಳಿನ ಉಗುರನ್ನು ಒತ್ತಿದರೆ ಮೆತ್ತಗಿನ ರಬ್ಬರ್ ತುಸು ತಗ್ಗಿ ನಿಧಾನವಾಗಿ ಮೇಲೇಳುತ್ತದೆ. ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ, ಹೊಳೆಯುವಂತಿದ್ದರೆ ಒದ್ದೆ ಕಲ್ಲಿಗೆ ಅದು ಹೇಳಿದ್ದಲ್ಲ. ಕೊಂಡ ಬೂಟನ್ನು ದೂರದ ದಾರಿಗೆ ಒಯ್ಯುವ ಮೊದಲು ನೀರು ಹೊಯ್ದ ಕಲ್ಲುಚಪ್ಪಡಿಯ ಮೇಲೆ, ಆಸರೆ ಹಿಡಿದು, ಒಂದು ಕಾಲಿಗೆ ಹಳೆಯದನ್ನೂ ಇನ್ನೊಂದಕ್ಕೆ ಹೊಸದನ್ನೂ ಹಾಕಿ ಭಾರ ಬಿಟ್ಟು ಒತ್ತಿ ನೋಡಬಹುದು. ಬೇರೆ ಬೇರೆ ದಿನ ನೋಡಿದರೆ ನೆನಪು ಮೋಸ ಮಾಡುತ್ತದೆ. ಒಟ್ಟಿಗೆ ನೋಡಿದರೆ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ತೀರಾ ಹೊಸ ಅಟ್ಟೆಯ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುಪದಾರ್ಥದ ಶೇಷವಿರಬಹುದು. ಒಣ ಒರಟು ನೆಲದಲ್ಲಿ ಒಂದಷ್ಟು ನಡೆದು ಆ ಮೇಲ್ಪದರ ಸವೆದ ಮೇಲೆಯೇ ತೀರ್ಮಾನಕ್ಕೆ ಬರಬೇಕು.

ಹಿಡಿತದಲ್ಲಿ ನಡಿಗೆಯ ಪಾಲೂ ಇದೆ. ಸಮತಟ್ಟು ನೆಲದಲ್ಲಿ ಸಾಧಾರಣವಾಗಿ ನಡೆಯಲು ಬೇಕಾದ ಘರ್ಷಣೆಯ ಅಂಕ ಸುಮಾರು 0.2ರ ಆಸುಪಾಸು. ಇಳಿಜಾರು ಬಂದಾಗ ಬರೀ ನಿಲ್ಲುವುದಕ್ಕೇ 10 ಡಿಗ್ರಿಯಲ್ಲಿ 0.18, 20 ಡಿಗ್ರಿಯಲ್ಲಿ 0.36, 30 ಡಿಗ್ರಿಯಲ್ಲಿ 0.58 ಬೇಕು. ಇಳಿಯುತ್ತ ಹಿಮ್ಮಡಿ ಊರಿ ವೇಗ ತಡೆದರೆ ಬೇಡಿಕೆ ಇನ್ನೂ ಏರುತ್ತದೆ. ಉದ್ದ ಹೆಜ್ಜೆಯಲ್ಲಿ ಕಾಲು ದೇಹದ ಮುಂದೆ ದೂರ ಬೀಳುವುದರಿಂದ ನೆಲವನ್ನು ಅಡ್ಡಡ್ಡ ತಳ್ಳುವ ಬಲ ಹೆಚ್ಚು. ಗಿಡ್ಡ ಹೆಜ್ಜೆ, ಬಾಗಿದ ಮಂಡಿ, ದೇಹದ ಭಾರ ನೇರ ಪಾದದ ಮೇಲೆ, ಹಿಮ್ಮಡಿಯ ಬದಲು ಇಡೀ ಅಂಗಾಲನ್ನು ಒಟ್ಟಿಗೆ ಊರುವುದು: ಇವುಗಳಿಂದ ಅಟ್ಟೆಯ ಮೇಲಿನ ಬೇಡಿಕೆ ಇಳಿಯುತ್ತದೆ. ಒತ್ತಿ ಒಂದರೆಗಳಿಗೆ ತಡೆದು ಆಮೇಲೆ ಭಾರ ವರ್ಗಾಯಿಸಿದರೆ ನೀರಿಗೆ ಹೊರಹೋಗಲು ಸಮಯವೂ ಸಿಗುತ್ತದೆ. ಭಯದಿಂದ ಹಿಂದಕ್ಕೆ ವಾಲುವುದು ಎಲ್ಲರ ಸಹಜ ಪ್ರವೃತ್ತಿ, ಒದ್ದೆ ಇಳಿಜಾರಿನಲ್ಲಿ ಬೀಳಿಸುವುದೂ ಅದೇ. ಹಾಗೆ ವಾಲಿದಾಗ ಭಾರ ಹಿಮ್ಮಡಿಯ ಅಂಚಿಗೆ ಹೋಗಿ, ಪಾದ ಮುಂದಕ್ಕೆ ತಳ್ಳಲ್ಪಡುತ್ತದೆ.

ವಯಸ್ಸಾದ ಬೂಟಿನ ಬಗ್ಗೆ ಒಂದು ಮಾತು. ಗಾಳಿಯ ಆಮ್ಲಜನಕ ಮತ್ತು ಓಜೋನ್ ತಾಗಿ ರಬ್ಬರ್ ನಿಧಾನವಾಗಿ ಬಿರುಸಾಗುತ್ತದೆ. ಬಳಸದೆ ಕಪಾಟಿನಲ್ಲಿಟ್ಟರೂ ಅದು ನಿಲ್ಲುವುದಿಲ್ಲ. ಅಟ್ಟೆಗೂ ಮೇಲ್ಭಾಗಕ್ಕೂ ನಡುವೆ ಪಾಲಿಯುರೆಥೇನ್ ಎಂಬ ನೊರೆಯಂಥ ಪ್ಲಾಸ್ಟಿಕ್ಕಿನ ಪದರವಿದ್ದರೆ ಗಾಳಿಯ ತೇವವೇ ಅದನ್ನು ವರ್ಷಗಳಲ್ಲಿ ಪುಡಿಮಾಡುತ್ತದೆ, ನೋಡಲು ಹೊಸದರಂತಿರುವ ಬೂಟಿನ ಅಟ್ಟೆ ದಾರಿಯ ನಡುವೆ ಇಡಿಯಾಗಿ ಕಳಚಿಬರುತ್ತದೆ. ಹಲ್ಲಿನ ಆಳ ಇನ್ನೂ ಸಾಕಷ್ಟಿದೆ ಎಂದು ಹಳೆಯ ಬೂಟನ್ನು ಮಳೆಗಾಲಕ್ಕೆ ಉಳಿಸಿಕೊಳ್ಳುವವರು ಹಿಮ್ಮಡಿಯ ಹಿಂಬದಿಯ ಅಂಚನ್ನು ನೋಡಬೇಕು, ಏಕೆಂದರೆ ಹೆಜ್ಜೆ ಮೊದಲು ನೆಲ ಮುಟ್ಟುವುದು ಅಲ್ಲಿ. ಅಲ್ಲಿನ ಹಲ್ಲುಗಳ ಮೂಲೆ ದುಂಡಗಾಗಿ, ಮೇಲ್ಮೈ ಗಾಜಿನಂತೆ ಹೊಳೆಯತೊಡಗಿದ್ದು, ಉಗುರು ಒತ್ತಿದರೆ ಇಳಿಯದಿದ್ದರೆ, ಒದ್ದೆ ಬಂಡೆಯ ಮಟ್ಟಿಗೆ ಆ ಬೂಟಿನ ಆಯುಷ್ಯ ಮುಗಿದಿದೆ. ಮೇಲ್ಭಾಗ ಗಟ್ಟಿಯಿದ್ದರೆ ಹೊಸ ಅಟ್ಟೆ ಹಾಕಿಸಬಹುದು. ಹಾಕಿಸುವಾಗ ಹಲ್ಲಿನ ವಿನ್ಯಾಸ ಕೇಳುವುದಕ್ಕಿಂತ ಮೊದಲು ಯಾವ ರಬ್ಬರ್, ಎಷ್ಟು ಮೆತ್ತಗಿನದು ಎಂದು ಕೇಳಿ.